ಲೆಕ್ಕ ಒಂದು, ಕಿಟಕಿ ನೂರು

ಗಣಕಯಂತ್ರದ ಕೆಲಸವನ್ನು ಒಂದೇ ಕಡೆ ಕೂಡಿಸಬೇಕೋ, ಹಲವು ಕಡೆ ಹಂಚಬೇಕೋ ಎಂಬುದು ತಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಯಂತೆ ತೋರುತ್ತದೆ. ಆದರೆ ರೈಲಿನಲ್ಲಿ ಮಲಗುವ ಜಾಗಕ್ಕಾಗಿ ಸರದಿಯಲ್ಲಿ ನಿಂತವರೆಲ್ಲರೂ ಅದರ ಫಲವನ್ನು ಉಂಡವರೇ. ಆದುದರಿಂದ ನಾನು ಆ ಚರಿತ್ರೆಯನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಯಂತ್ರ ಬರುವ ಮುಂಚೆ ಈ ಲೆಕ್ಕವೆಲ್ಲ ದಪ್ಪ ರಿಜಿಸ್ಟರುಗಳಲ್ಲಿತ್ತು. ರೈಲು ಹೊರಡುವ ಊರಿಗೆ ಒಂದು ಪಾಲು, ನಡುವಣ ನಿಲ್ದಾಣಗಳಿಗೆ ಒಂದಿಷ್ಟು ಕೋಟಾ. ಮರುಪ್ರಯಾಣಕ್ಕೆ ಜಾಗ ಬೇಕಾದರೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕು. ಲೆಕ್ಕವೇನೋ ಹಂಚಿತ್ತು, ಆದರೆ ಒಂದು ಪುಸ್ತಕದ ಸಂಗತಿ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಒಂದೂರಿನ ಪಾಲು ಉಳಿದಿದ್ದಾಗಲೇ ಇನ್ನೊಂದೂರಿನವರು ನಿರಾಶರಾಗಿ ಹಿಂದಿರುಗಬಹುದಾಗಿತ್ತು. ಜಾಗ ನಿಜವಾಗಿಯೂ ಇಲ್ಲವೋ, ಹುಡುಕಲಾಗದೆ ಇಲ್ಲವೆಂದರೋ ಎಂದು ತಿಳಿಯುವ ದಾರಿ ಪ್ರಯಾಣಿಕನಿಗಿರಲಿಲ್ಲ.

೧೯೮೫ರಲ್ಲಿ ದೆಹಲಿಯಲ್ಲಿ ಗಣಕಯಂತ್ರದಿಂದ ಜಾಗ ಕಾದಿರಿಸುವ ಪ್ರಯೋಗ ಆರಂಭವಾಯಿತು. ಮರುವರ್ಷ 'ಕ್ರಿಸ್' ಎಂಬ ರೈಲ್ವೆ ಮಾಹಿತಿ ಸಂಸ್ಥೆ ಹುಟ್ಟಿತು. ಮುಂಬಯಿ, ಕಲ್ಕತ್ತೆ, ಮದರಾಸು, ಸಿಕಂದರಾಬಾದುಗಳಲ್ಲಿಯೂ ಯಂತ್ರಗಳು ನೆಲೆಗೊಂಡವು. ಹಲವು ರೈಲುಗಳ ಟಿಕೆಟು ಒಂದೇ ಕಿಟಕಿಯಲ್ಲಿ ದೊರೆಯತೊಡಗಿತು. ಆದರೂ ಐದು ಕೇಂದ್ರಗಳು ಐದು ದ್ವೀಪಗಳಂತೆಯೇ ಉಳಿದವು.

ಇವನ್ನು ಜೋಡಿಸುವುದು ಹೇಗೆ? ಎಲ್ಲ ಲೆಕ್ಕವನ್ನೂ ಒಂದೇ ಮಹಾಯಂತ್ರಕ್ಕೆ ತುಂಬಿದರೆ, ಅದು ಕೆಟ್ಟ ದಿನ ದೇಶವೆಲ್ಲ ಸ್ತಬ್ಧ. ಪ್ರತಿ ಕೇಂದ್ರಕ್ಕೂ ಒಂದೊಂದು ನಕಲು ಕೊಟ್ಟು ಅವರವರ ಪಾಡಿಗೆ ಬಿಟ್ಟರೆ, ಒಂದೇ ಜಾಗ ಒಂದೇ ಗಳಿಗೆಯಲ್ಲಿ ಇಬ್ಬರಿಗೆ ಮಾರಾಟವಾದೀತು. ಕ್ರಿಸ್ ರೂಪಿಸಿದ 'ಕಾನ್ಸರ್ಟ್' ಎಂಬ ತಂತ್ರಾಂಶ ನಡುದಾರಿ ಹಿಡಿಯಿತು: ಪ್ರತಿಯೊಂದು ರೈಲಿನ ಲೆಕ್ಕಕ್ಕೆ ಒಂದೇ ತವರು, ಉಳಿದ ಕೇಂದ್ರಗಳು ಅದನ್ನು ಕೇಳಿಯೇ ಟಿಕೆಟು ಕೊಡಬೇಕು. ೧೯೯೪ರಲ್ಲಿ ಸಿಕಂದರಾಬಾದಿನಲ್ಲಿ ಮೊದಲಾದ ಈ ಏರ್ಪಾಡು ೧೯೯೯ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳನ್ನು ಬೆಸೆಯಿತು. ೨೦೦೨ರ ಆಗಸ್ಟಿನಲ್ಲಿ ಅಂತರ್ಜಾಲದ ಮೂಲಕ ಕಿಟಕಿ ಮನೆಯೊಳಕ್ಕೇ ಬಂತು.

ಈ ದಾರಿಯೂ ನಿರ್ದೋಷವಲ್ಲ. ತವರು ಕೇಂದ್ರ ಮೂಕವಾದರೆ ಅದರ ರೈಲುಗಳ ಟಿಕೆಟು ಯಾವ ಊರಿನಲ್ಲಿಯೂ ಸಿಗದು. ಆದರೆ ಉಳಿದ ನಾಲ್ಕರ ಕೆಲಸ ನಿಲ್ಲದು. ಕೂಡಿಸುವುದೋ ಹಂಚುವುದೋ ಎಂದು ಹಟ ಹಿಡಿಯುವ ಬದಲು, ಯಾವುದನ್ನು ಕೂಡಿಸಬೇಕು, ಯಾವುದನ್ನು ಹಂಚಬೇಕು ಎಂದು ಕೇಳುವುದೇ ವಿವೇಕವೆಂದು ನನಗೆ ತೋರುತ್ತದೆ. ಒಂದು ಜಾಗದ ಮಾತಿಗೆ ಹೊಣೆಗಾರ ಒಬ್ಬನೇ ಇರಲಿ. ಅದನ್ನು ಕೇಳುವ ಹಕ್ಕು ಮಾತ್ರ ಎಲ್ಲ ಊರಿನವರಿಗೂ ಸಮನಾಗಿರಲಿ.