ತಪಸ್ಸುಕಾಲದ ಒಂದೊತ್ತು

ಕನಕಪುರ ತಾಲೂಕಿನ ಉಯ್ಯಂಬಳ್ಳಿ ಕಡೆಯ ಕ್ರೈಸ್ತ ಮನೆಗಳಿಗೆ ‘ಆತ್ಮಸಂಯಮ’ ಎಂಬುದು ದೊಡ್ಡ ಮಾತಾಯಿತು. ಆ ಕಡೆಯವರಾದ ನಮ್ಮಜ್ಜಿಯ ಬಾಯಲ್ಲಿ ಅದು ಬರೀ ‘ಒಂದೊತ್ತು’. ವಿಭೂತಿ ಬುಧವಾರದಿಂದ ಪಾಸ್ಕ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನ, ಹೊಟ್ಟೆ ತುಂಬ ಉಣ್ಣುವುದು ದಿನಕ್ಕೊಂದೇ ಸಲ.

ಈ ನೇಮ ರೋಮಿನದಾದರೂ ನಮ್ಮವರಿಗೆ ಪರದೇಶದ್ದೆನಿಸಲಿಲ್ಲ. 1606ರಲ್ಲಿ ಮಧುರೈಗೆ ಬಂದ ಇಟಲಿಯ ಜೆಸುಯಿತ್ ಗುರು ರೊಬೆರ್ತೊ ದೆ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು, ಸನ್ಯಾಸಿಯಂತೆ ಬದುಕಿದರು. ಅದೇ ಶತಮಾನದ ನಡುವೆ ಲಿಯೊನಾರ್ದೊ ಚಿನ್ನಮಿ ಅದೇ ಹಾದಿ ಹಿಡಿದು ಮೈಸೂರು ಸೀಮೆಗೆ ಬಂದು ಕನ್ನಡ ಕಲಿತರು. ಬೋಧನೆ ಕೇಳುವ ಮೊದಲು ಗುರುವಿನ ನಾಲಿಗೆ ಎಷ್ಟು ಹಿಡಿತದಲ್ಲಿದೆ ಎಂದು ನೋಡುವ ಜನ ನಾವು! ಸಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಫಲಗಳನ್ನು ಹೇಳುತ್ತಾ ಕೊನೆಗಿಟ್ಟದ್ದು ಸಂಯಮವನ್ನು. ಹಳೆಯ ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಶಮೆದಮೆ’ ಎಂದಿದೆ. ವೇದಾಂತಿಗಳ ಶಮ, ದಮಗಳೇ ಇವು.

1773ರಲ್ಲಿ ಪೋಪರೇ ಜೆಸುಯಿತ್ ಸಂಘವನ್ನು ರದ್ದು ಮಾಡಿದರು. ಆಮೇಲೆ ಟಿಪ್ಪುವಿನ ಕಾಲದ ಕಷ್ಟಗಳು. 1799ರ ನಂತರ ಶ್ರೀರಂಗಪಟ್ಟಣದ ಕಡೆಗೆ ಫ್ರೆಂಚ್ ಗುರು ಅಬೆ ದ್ಯುಬುವಾ ಬಂದು ಚೆದುರಿದ ಕ್ರೈಸ್ತರನ್ನು ಒಗ್ಗೂಡಿಸಬೇಕಾಯಿತು. ಗುರುವಿಲ್ಲದ ಊರಿನಲ್ಲಿ ಬಲಿಪೂಜೆ ನಡೆಯದು, ಪಾಪನಿವೇದನೆಯೂ ಆಗದು. ಆದರೆ ಒಂದೊತ್ತಿಗೆ ಗುರು ಬೇಕಿಲ್ಲ. ಒಲೆ ಹಚ್ಚುವವಳು ಮನಸ್ಸು ಮಾಡಿದರೆ ಸಾಕು. ಅಂಥ ದಿನಗಳಲ್ಲಿ ವಿಶ್ವಾಸವನ್ನು ಕಾದದ್ದು ಅಡುಗೆಮನೆಯೇ ಎಂದು ನನ್ನ ಎಣಿಕೆ. ಚರಿತ್ರೆ ಬರೆದವರು ಅಡುಗೆಮನೆಗೆ ಬಂದವರಲ್ಲ ಬಿಡಿ.

ನಮ್ಮಜ್ಜಿಯ ತಪಸ್ಸುಕಾಲದಲ್ಲಿ ರೇಷ್ಮೆ ಹುಳುವಿನ ಕೆಲಸವೂ ಇರುತ್ತಿತ್ತು. ಹಿಪ್ಪುನೇರಳೆ ಸೊಪ್ಪು ತರಬೇಕು, ಹಣ್ಣಾದ ಹುಳುಗಳನ್ನು ರಾತ್ರಿಯೆಲ್ಲ ಕೂತು ಚಂದ್ರಿಕೆಗೆ ಬಿಡಬೇಕು. ಮೈಮುರಿದು ದುಡಿಯುವವರಿಗೆ, ಬಸುರಿ ಬಾಣಂತಿಯರಿಗೆ ಧರ್ಮಸಭೆ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಅಜ್ಜಿ ತನ್ನ ಮಟ್ಟಿಗೆ ಅದನ್ನು ಒಪ್ಪಲಿಲ್ಲ. ತಾತನೂ ಆ ನಲವತ್ತು ದಿನ ಸರಾಯಿ ಮುಟ್ಟುತ್ತಿರಲಿಲ್ಲ. ಪಾಸ್ಕದ ದಿನ ಸಂಜೆ ಬಾಕಿಯನ್ನೆಲ್ಲ ತೀರಿಸುತ್ತಿದ್ದರು, ಅದು ಬೇರೆ ಮಾತು. ಸರಕಾರ ಸರಾಯಿ ನಿಲ್ಲಿಸಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ತಾತ ಇರಲಿಲ್ಲ.

ಇಲ್ಲೇ ನನಗೊಂದು ತಕರಾರಿದೆ. ಗಂಡಸು ನಲವತ್ತು ದಿನ ಕುಡಿತ ಬಿಟ್ಟರೆ ಅದು ತಪಸ್ಸು. ಹೆಂಗಸು ವರ್ಷವಿಡೀ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡು, ಬಂದ ಮಾತನ್ನು ನುಂಗಿಕೊಂಡರೆ ಅದಕ್ಕೆ ಹೆಸರೇ ಇಲ್ಲ. ತಾನಾಗಿ ಬಿಡುವುದು ಬೇರೆ, ಬಿಡಿಸುವುದು ಬೇರೆ. ಎರಡನೆಯದಕ್ಕೂ ಶಮೆದಮೆ ಎಂದು ಹೆಸರಿಟ್ಟು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

1966ರ ಫೆಬ್ರವರಿಯಲ್ಲಿ ಆರನೇ ಪೌಲ್ ಪೋಪರು ನೇಮ ಸಡಿಲಿಸಿದರು. ಕಡ್ಡಾಯ ಉಪವಾಸ ಉಳಿದದ್ದು ವಿಭೂತಿ ಬುಧವಾರಕ್ಕೆ ಮತ್ತು ಶುಭ ಶುಕ್ರವಾರಕ್ಕೆ ಮಾತ್ರ. ಮಿಕ್ಕದ್ದು ಅವರವರ ಮನಸ್ಸಿಗೆ ಬಿಟ್ಟದ್ದು. “ಎಲ್ಡು ದಿನದ್ದು ಯಾವ ಸೀಮೆ ಒಂದೊತ್ತು?” ಎಂದ ಅಜ್ಜಿ ಹಳೆಯ ಲೆಕ್ಕವನ್ನೇ ಮುಂದುವರಿಸಿದರು. ಆದರೆ ಬಸುರಿಯಾಗಿದ್ದ ನಮ್ಮಮ್ಮ ಅತ್ತೆಯ ಮೇಲ್ಪಂಕ್ತಿ ಹಿಡಿಯಲು ಹೋದಾಗ ಮುದ್ದೆ ತಟ್ಟೆ ತಂದು ಮುಂದಿಟ್ಟು, “ನಂದು ನಂಗೆ, ನಿಂಗ್ಯಾರವ್ವ ಹೇಳ್ದೋರು? ಉಣ್ಣು” ಎಂದು ಗದರಿ, ಅಮ್ಮ ಉಂಡು ಮುಗಿಸುವವರೆಗೂ ಅಲ್ಲಿಂದ ಏಳಲಿಲ್ಲವಂತೆ.