ಗುಳೆಯೂ ಕಾಯಿದೆಯೂ

ಬೆಂಗಳೂರಿನಲ್ಲಿ ನಾನು ವಾಸವಾಗಿರುವ ಬೀದಿಯಲ್ಲಿ ಕೆಲವು ಕಾಲದ ಹಿಂದೆ ಒಂದು ಮನೆ ಏಳುತ್ತಿತ್ತು. ಅದರ ಮುಂದಿನ ಮರಳ ರಾಶಿಯ ಮಗ್ಗುಲಲ್ಲಿ ತಗಡಿನ ಮರೆ ಕಟ್ಟಿಕೊಂಡು ಒಂದು ಸಂಸಾರ ಬಿಡಾರ ಹೂಡಿತ್ತು. ಗಂಡ ಹೆಂಡಿರಿಬ್ಬರೂ ಇಟ್ಟಿಗೆ ಹೊರುವವರು. ಸಿಮೆಂಟಿನ ಖಾಲಿ ಚೀಲದ ಮೇಲೆ ಮಲಗಿರುತ್ತಿದ್ದ ಕೂಸೊಂದು. ಬೆಳಗಿನ ತಿರುಗಾಟದಲ್ಲಿ ಅವರ ಮಾತು ಕಿವಿಗೆ ಬಿದ್ದೊಡನೆ, ಅದು ಕೃಷ್ಣೆ ಭೀಮೆಯರ ನಡುವಣ ಸೀಮೆಯ ಮಾತೆಂದು ನನಗೆ ಗುರುತು ಹತ್ತಿತು. "ಯಾವೂರವ್ವ?" ಎಂದೆ. "ಸುರಪುರ ಕಡೇರ್ರೀ ಯಪ್ಪಾ" ಎಂದಳು ಆ ಹೆಣ್ಣುಮಗಳು. ಊರಿಗೆ ಮರಳುವುದು ಯಾವಾಗ ಎಂದು ಕೇಳಿದ್ದಕ್ಕೆ, ತಲೆಯ ಮೇಲಿನ ಸಿಂಬಿಯನ್ನು ಸರಿಮಾಡಿಕೊಳ್ಳುತ್ತ, "ಮುಂಗಡ ತಿಂದೀವ್ರೀ. ಅದು ಹರಿಯೂತನಾ ಹ್ಯಾಂಗ ಹೋಗೂದ್ರೀ?" ಎಂದು ನನ್ನನ್ನೇ ಕೇಳಿದಳು.

ಆ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿದೆ. "ಈಗಿಂದೀಗಲೇ ಹೋಗಬಹುದು" ಎಂಬುದೇ ಆ ಉತ್ತರ. ಆದರೆ ಅದು ಅವಳಿಗೆ ತಿಳಿಯದು. ತಿಳಿದರೂ ಆಕೆ ನಂಬಲಾರಳು. ಪುಸ್ತಕದ ಉತ್ತರಕ್ಕೂ ಬೀದಿಯ ಪ್ರಶ್ನೆಗೂ ನಡುವೆ ಇಷ್ಟೊಂದು ದೂರ ಹೇಗೆ ಬೆಳೆಯಿತೆಂಬುದನ್ನು ನೋಡಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಯಾದಗಿರಿ, ಶಹಾಪುರ, ಸುರಪುರಗಳು ಬರಡು ನಾಡೆಂದು ಯಾರೂ ಭಾವಿಸಬೇಕಾಗಿಲ್ಲ. ಶಹಾಪುರ ಸುರಪುರಗಳ ಸೀಮೆಗೆ ಸಗರನಾಡೆಂಬ ಹಳೆಯ ಹೆಸರುಂಟು. ವಚನಕಾರರಲ್ಲಿ ಹಿರಿಯನಾದ, ಮಗ್ಗದ ಕಾಯಕದ ದೇವರ ದಾಸಿಮಯ್ಯನ ಮುದನೂರು ಇಲ್ಲಿಯದೇ. ದಕ್ಷಿಣಕ್ಕೆ ಕೃಷ್ಣೆ, ನಡುವೆ ಭೀಮೆ, ನಡುನಡುವೆ ಎರೆಯ ಹೊಲ. ಆದರೆ ನದಿಯ ನೀರು ಬಹುಕಾಲ ತಗ್ಗಿನಲ್ಲಿ ಹರಿದುಹೋಯಿತೇ ಹೊರತು ಹೊಲಕ್ಕೆ ಏರಲಿಲ್ಲ. ನಾರಾಯಣಪುರದ ಅಣೆಕಟ್ಟು ಆಗಿ ಕಾಲುವೆಗೆ ನೀರು ಬಂದದ್ದು 1980ರ ದಶಕದಲ್ಲಿ. ಅದು ಬಂದ ಮೇಲೂ ಕಾಲುವೆಯ ಕೆಳಗಣ ಊರಿಗೆ ಬತ್ತ ಬಂದಿತು, ಮೇಲಣ ಊರಿಗೆ ಮಳೆಯ ದಾರಿ ಕಾಯುವುದು ತಪ್ಪಲಿಲ್ಲ. ಜೋಳ ತೊಗರಿಗಳ ಸುಗ್ಗಿ ಮುಗಿದರೆ ಭೂಮಿಯಿಲ್ಲದವನ ಕೈಗೆ ಕೆಲಸವಿಲ್ಲ. ಆಗ ಮನೆಗೆ ಕೀಲಿ ಹಾಕಿ, ಮುದುಕರನ್ನು ಕಾವಲಿಗೆ ಬಿಟ್ಟು ಹೊರಡುವುದಕ್ಕೆ 'ಗುಳೆ' ಎಂದು ಹೆಸರು. ಈ ಹೆಸರು ಕಾಯಿದೆಯ ಯಾವ ಕಲಮಿನಲ್ಲಿಯೂ ಇಲ್ಲ.

ಹೋಗುವ ದಾರಿಯನ್ನು ರೈಲು ಹಾಕಿಕೊಟ್ಟಿತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಹಾದಿ ಯಾದಗಿರಿಯನ್ನು ಹಾಯ್ದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು. ಮೂರು ವರ್ಷಗಳಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಕಂಬಿ ಬಿದ್ದಿತು. ಮುಂಬಯಿ, ಹೈದರಾಬಾದುಗಳೆರಡೂ ಬಡವನಿಗೆ ಒಂದು ರಾತ್ರಿಯ ದಾರಿಯಾದವು.

ಊರಿನಲ್ಲಿಯೇ ಉಳಿದವನ ಗತಿ ಏನಿತ್ತು? ಸುರಪುರದ ನಾಯಕರ ರಾಜ್ಯ 1858ರ ಬಂಡಾಯದೊಡನೆ ಮುಗಿದು, 1860ರಲ್ಲಿ ಆಂಗ್ಲರು ಆ ಸೀಮೆಯನ್ನು ನಿಜಾಮರಿಗೆ ಕೊಟ್ಟರು. ಅಂದಿನಿಂದ 1948ರ ಸೆಪ್ಟೆಂಬರಿನ ಪೋಲೀಸು ಕಾರ್ಯಾಚರಣೆಯವರೆಗೆ ಈ ಮೂರೂ ಊರುಗಳು ಹೈದರಾಬಾದು ಸಂಸ್ಥಾನದ ಪ್ರಜೆಗಳು. ಅಲ್ಲಿ ಬಿಟ್ಟಿ ಇತ್ತು, ಬೇಗಾರ ಇತ್ತು, ಜೀತ ಇತ್ತು. ಮದುವೆಗೋ ಔಷಧಿಗೋ ಸಾಲ ಪಡೆದವನು ಸಾಲಿಗನ ಹೊಲದಲ್ಲಿ ದುಡಿದು ತೀರಿಸುವ ಪದ್ಧತಿಗೆ ಆ ಸಂಸ್ಥಾನದಲ್ಲಿ 'ಭಾಗೇಲಾ' ಎಂಬ ಹೆಸರೂ ಇತ್ತು. ನಿಜಾಮರ ಆಳಿಕೆಯ ಕಡೆಯ ದಶಕಗಳಲ್ಲಿ ಭಾಗೇಲಾ ಕರಾರುಗಳ ಮೇಲೆ ಒಂದು ಶಾಸನವಾಯಿತು. ಅದು ಹೊರಟದ್ದು ಕರಾರನ್ನು ಹದ್ದಿನಲ್ಲಿಡಲು. ಪದ್ಧತಿಯನ್ನು ಬೇರುಸಹಿತ ಕೀಳಲು ಅಲ್ಲ.

ಇಲ್ಲಿ ಎರಡು ಮಾತುಗಳ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 'ಬಿಟ್ಟಿ' ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿಯಿಲ್ಲದೆ ಅರಸನಿಗೋ ಒಡೆಯನಿಗೋ ಮಾಡಬೇಕಾದ ದುಡಿಮೆ ಎಂದು ಅದರ ಅರ್ಥ. ಇಂದು ನಾವು ಪೇಟೆಯಲ್ಲಿ "ಬಿಟ್ಟಿ ಸಿಕ್ಕಿತು" ಎಂದು ಹಿಗ್ಗುತ್ತೇವೆ. ಯಾರೋ ಬೆವರು ಸುರಿಸಿದ್ದು ಮಾತಿನಿಂದ ಅಳಿಸಿಹೋಗಿ, ಪಡೆದವನ ಸಂತೋಷವಷ್ಟೇ ಉಳಿದಿದೆ. 'ಜೀತ'ದ ಕಥೆ ಇನ್ನೂ ವಿಚಿತ್ರ. 'ಜೀವಿತ'ದಿಂದ ಬಂದ ಈ ಮಾತಿಗೆ ಹಿಂದೆ ಸಂಬಳ, ಬದುಕಿನ ಆಧಾರ ಎಂದೇ ಅರ್ಥ. ತೆಲುಗಿನವರು ಈಗಲೂ ತಿಂಗಳ ಸಂಬಳಕ್ಕೆ 'ಜೀತಂ' ಎನ್ನುತ್ತಾರೆ. ನಮ್ಮಲ್ಲಿ ಮಾತ್ರ ಸಂಬಳದ ಹೆಸರೇ ಸಂಕೋಲೆಯ ಹೆಸರಾಯಿತು. ಸಂಬಳವನ್ನು ಮೊದಲೇ ಕೊಟ್ಟು ಮನುಷ್ಯನನ್ನು ಕಟ್ಟಿಹಾಕಿದ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂದಿತು. ಅದರ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬೇಗಾರವನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. ಹೆಣ್ಣುಮಕ್ಕಳನ್ನು ಕದ್ದು ಮಾರುವ ದಲಾಲಿಯೂ, ಮುಂಗಡದ ಬಲೆಯೊಡ್ಡಿ ಸಂಸಾರವನ್ನೇ ಹೊತ್ತೊಯ್ಯುವ ಗುತ್ತಿಗೆದಾರನೂ ಒಂದೇ ಅಪರಾಧದ ಎರಡು ಮುಖಗಳೆಂದು ಸಂವಿಧಾನದ ಕರ್ತೃಗಳು ಕಂಡಿದ್ದರು. ಆದರೆ ಜೀತವನ್ನು ದೇಶದಾದ್ಯಂತ ಕಿತ್ತೊಗೆಯುವ ಕಾಯಿದೆ ಬರಲು ಇನ್ನೂ ಇಪ್ಪತ್ತೈದು ವರ್ಷ ಹಿಡಿಯಿತು.

1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆಯ ರೂಪದಲ್ಲಿ ಅದು ಜಾರಿಗೆ ಬಂದು, 1976ರಲ್ಲಿ ಕಾಯಿದೆಯಾಯಿತು. ತುರ್ತುಪರಿಸ್ಥಿತಿಯ ದಿನಗಳು ಅವು. ಅನೇಕರ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಸರಕಾರವೇ ಜೀತದಾಳಿಗೆ ಸ್ವಾತಂತ್ರ್ಯದ ಪತ್ರ ಬರೆದುಕೊಟ್ಟದ್ದು ಚರಿತ್ರೆಯ ಒಂದು ವಿಪರ್ಯಾಸ. ದೇಶದ ಮೂಲೆಮೂಲೆಯಲ್ಲಿ ಜೀತಕ್ಕಿದ್ದ ಹೆಸರುಗಳನ್ನೆಲ್ಲ ಆ ಕಾಯಿದೆ ಪಟ್ಟಿಮಾಡಿದೆ. ಅದರಲ್ಲಿ ನಮ್ಮ ಜೀತವಿದೆ, ವೆಟ್ಟಿಯಿದೆ, ಭಾಗೇಲಾ ಕೂಡ ಇದೆ. ಆ ದಿನದಿಂದ ಜೀತದ ಸಾಲ ಸಾಲವೇ ಅಲ್ಲ. ಅದನ್ನು ವಸೂಲು ಮಾಡುವಂತಿಲ್ಲ. ಜೀತವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲಿಗನದೇ ಹೊರತು ಆಳಿನದಲ್ಲ. ದುಡಿಸಿಕೊಂಡವನಿಗೆ 3 ವರ್ಷದವರೆಗೆ ಸೆರೆ, 2,000 ರೂಪಾಯಿಯವರೆಗೆ ದಂಡ. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳು. ಬಿಡುಗಡೆಯಾದವನ ಪುನರ್ವಸತಿಗೆಂದು ಕೇಂದ್ರದ ಯೋಜನೆ 1978ರಲ್ಲಿ ಗೊತ್ತುಮಾಡಿದ್ದು 4,000 ರೂಪಾಯಿ; 2000ದಲ್ಲಿ ಅದು 20,000 ಆಯಿತು; 2016ರಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀರ ಘೋರವಾದ ಪ್ರಕರಣಗಳಲ್ಲಿ 3 ಲಕ್ಷವೆಂದಾಯಿತು. ಆದರೆ ಪೂರ್ಣ ಹಣ ಕೈಸೇರುವುದನ್ನು, ದುಡಿಸಿಕೊಂಡವನ ಮೇಲಣ ಅಪರಾಧ ಸಿದ್ಧವಾಗುವುದಕ್ಕೆ ತಳಕು ಹಾಕಿದರು. ನಮ್ಮ ನ್ಯಾಯಾಲಯಗಳ ನಡಿಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿದೆ ಬಂದ ಮೇಲೆ ಜೀತ ಒಡೆಯನ ಅಂಗಳದಿಂದ ಎದ್ದುಹೋದದ್ದು ನಿಜ. ಅದು ಹೋದದ್ದೆಲ್ಲಿಗೆ? ಇಟ್ಟಿಗೆಯ ಭಟ್ಟಿಗೆ, ಕಲ್ಲಿನ ಕ್ವಾರಿಗೆ, ಕಬ್ಬಿನ ಗದ್ದೆಗೆ, ನಗರದ ಕಟ್ಟಡಕ್ಕೆ. ಒಡೆಯನ ಜಾಗದಲ್ಲಿ ಮುಕಾದಮ ಬಂದ, ಮೇಸ್ತ್ರಿ ಬಂದ; ಜೀತದ ಸಾಲಕ್ಕೆ ಮುಂಗಡವೆಂದು ಹೆಸರಾಯಿತು. ಹಿಂದೆ ಒಡೆಯನ ಮುಖವಾದರೂ ಆಳಿಗೆ ಗೊತ್ತಿರುತ್ತಿತ್ತು. ಈಗ ಮನೆಯ ಯಜಮಾನ ಯಾರೆಂಬುದೇ ಅವನಿಗೆ ತಿಳಿಯದು. ಸುಪ್ರೀಂ ಕೋರ್ಟು ಈ ವೇಷಾಂತರವನ್ನು ಗುರುತಿಸಿತು. ಏಷ್ಯನ್ ಕ್ರೀಡೆಗಳ ಕಟ್ಟಡ ಕಾರ್ಮಿಕರ ವ್ಯಾಜ್ಯದಲ್ಲಿ, 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲಾತ್ಕಾರದ ದುಡಿಮೆಯೇ ಎಂದಿತು. ಹಸಿವೂ ಒಂದು ಬಲಾತ್ಕಾರವೆಂಬುದನ್ನು ಒಪ್ಪಿತು. ಮರುವರ್ಷ, ಫರೀದಾಬಾದಿನ ಕ್ವಾರಿಗಳ ವ್ಯಾಜ್ಯದಲ್ಲಿ, ಜೀತಗಾರರನ್ನು ಹುಡುಕಿ ಬಿಡಿಸುವುದು ಸರಕಾರದ ಕರ್ತವ್ಯವೆಂದು ತೀರ್ಪಿತ್ತಿತು. 2013ರಲ್ಲಿ ದಂಡಸಂಹಿತೆ ತಿದ್ದುಪಡಿಯಾಗಿ ಮನುಷ್ಯರ ಸಾಗಾಟ ಸ್ಪಷ್ಟವಾದ ಅಪರಾಧವಾಯಿತು; ಮೋಸಕ್ಕೊಳಗಾದವರು "ನಾನೇ ಒಪ್ಪಿ ಬಂದೆ" ಎಂದರೂ ಸಾಗಿಸಿದವನು ಪಾರಾಗುವಂತಿಲ್ಲ.

ಗುಳೆಯವರಿಗೆಂದೇ ಆದ ಶಾಸನವೂ ಒಂದಿತ್ತು. ಅದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ. 1980ರ ಅಕ್ಟೋಬರ್ 2ರಿಂದ, ಗಾಂಧೀಜಯಂತಿಯಂದು, ಜಾರಿಗೆ ಬಂದಿತು. ಓದಿದರೆ ಮನಸ್ಸು ತಂಪಾಗುವಂಥ ಕಾಯಿದೆ. ಗುತ್ತಿಗೆದಾರ ಪರವಾನಗಿ ಪಡೆಯಬೇಕು. ಆಳಿಗೆ ಅವನ ಭಾವಚಿತ್ರವಿರುವ ಪಾಸುಬುಕ್ಕನ್ನು, ಅವನದೇ ಭಾಷೆಯಲ್ಲಿಯೂ ಬರೆಸಿ ಕೊಡಬೇಕು. ಊರು ಬಿಟ್ಟದ್ದಕ್ಕೆ ಭತ್ಯೆ, ಬರುಹೋಗುವ ದಾರಿಯ ಖರ್ಚು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸದ ಅವಧಿ ಮುಗಿದ ಮೇಲೆ ಮುಂಗಡ ಉಳಿದಿದ್ದರೆ ಅದು ತಾನಾಗಿಯೇ ವಜಾ.

ಆದರೆ ಅದು ಅಂತರರಾಜ್ಯದ ಕಾಯಿದೆ. ರಾಜ್ಯದ ಗಡಿಯನ್ನು ದಾಟಿದವನಿಗೆ ಮಾತ್ರ ಅದರ ನೆರಳು. ಇಲ್ಲಿ ನಮ್ಮ ಮೂರು ಊರುಗಳ ಚರಿತ್ರೆ ಒಂದು ಒಗಟನ್ನು ಒಡ್ಡುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಯಾದಗಿರಿಯವನು ಹೈದರಾಬಾದಿಗೆ ದುಡಿಯಲು ಹೋದರೆ ತನ್ನ ರಾಜ್ಯದ ರಾಜಧಾನಿಗೇ ಹೋದಂತೆ. ಬೆಂಗಳೂರು ಅವನಿಗೆ ಪರರಾಜ್ಯ. ಆ ದಿನ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು, ಕನ್ನಡಿಗರು ಒಂದಾದರು. ಅಂದಿನಿಂದ ಸುಮಾರು 200 ಕಿಲೋಮೀಟರಿನ ಹೈದರಾಬಾದು ಪರರಾಜ್ಯವಾಯಿತು, ಸುಮಾರು 500 ಕಿಲೋಮೀಟರಿನ ಬೆಂಗಳೂರು ಸ್ವಂತದ್ದಾಯಿತು. ಹತ್ತಿರ ಹೋದವನು ಕಾಯಿದೆಯ ಕಣ್ಣಿಗೆ ವಲಸಿಗ. ಅದಕ್ಕಿಂತ ಎರಡು ಪಾಲಿಗೂ ಮಿಗಿಲಾದ ದೂರ ಹೋದವನು ವಲಸಿಗನೇ ಅಲ್ಲ! ನನ್ನ ಬೀದಿಯ ಆ ತಾಯಿಗೆ ಪಾಸುಬುಕ್ಕಿನ ಹಕ್ಕು ಇಲ್ಲದಿದ್ದುದು, ಆಕೆ ತನ್ನವರ ನಡುವೆಯೇ ಇದ್ದಾಳೆಂಬ ಒಂದೇ ಕಾರಣದಿಂದ. ಏಕೀಕರಣವನ್ನು ಹಬ್ಬವಾಗಿ ಆಚರಿಸುವ ನಾವು ಈ ಮಾತನ್ನು ಒಮ್ಮೆ ಯೋಚಿಸಬೇಡವೆ?

2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ದಿಗ್ಬಂಧನ ವಿಧಿಸಿದಾಗ, ಲೆಕ್ಕಕ್ಕೆ ಸಿಗದ ಈ ಜನ ಒಮ್ಮೆಲೇ ಕಣ್ಣಿಗೆ ಬಿದ್ದರು. ಗಂಟುಮೂಟೆ ಹೊತ್ತು ಹೆದ್ದಾರಿ ಹಿಡಿದರು. ಮೇ ತಿಂಗಳಲ್ಲಿ ಮುಂಬಯಿಯ ಕಡೆಯಿಂದ ಯಾದಗಿರಿಗೆ ಮರಳಿದವರ ಜಾತ್ರೆಯೇ ನೆರೆಯಿತು. ಶಾಲೆ, ವಸತಿನಿಲಯಗಳಲ್ಲಿ ಅವರನ್ನು ಇರಿಸಬೇಕಾಯಿತು. ಅದೇ ತಿಂಗಳ ಮೊದಲ ವಾರ ಬೆಂಗಳೂರಿನಲ್ಲಿ, ಕಟ್ಟಡ ಉದ್ಯಮಿಗಳ ಸಭೆಯ ಬೆನ್ನಿಗೇ, ಉತ್ತರದ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ಸರಕಾರ ನಿಲ್ಲಿಸಿ, ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು. ಊರಿಗೆ ಹೋಗುವ ಸ್ವಾತಂತ್ರ್ಯವೂ ಇನ್ನೊಬ್ಬರ ಕೈಯಲ್ಲಿದೆಯೆಂಬುದು ಆಗ ಎಲ್ಲರಿಗೂ ತಿಳಿಯಿತು. ಮರುವರ್ಷ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸುವ ಇ-ಶ್ರಮ್ ಆರಂಭವಾಯಿತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1979ರ ಕಾಯಿದೆ ಅವುಗಳಲ್ಲಿ ಕರಗಿತು. ಗುತ್ತಿಗೆದಾರನಿಲ್ಲದೆ ತಾನಾಗಿ ಹೋದವನನ್ನೂ ಹೊಸ ಸಂಹಿತೆ ವಲಸಿಗನೆಂದು ಎಣಿಸುತ್ತದೆ, ಇದು ಒಳ್ಳೆಯದೇ. ಆದರೆ ಹಿಂದೆ 5 ಜನರಿದ್ದಲ್ಲಿ ಅನ್ವಯಿಸುತ್ತಿದ್ದುದು ಈಗ 10 ಜನರಿರಬೇಕು. ರಾಜ್ಯದ ಗಡಿಯ ಷರತ್ತು ಇದ್ದಲ್ಲಿಯೇ ಇದೆ.

2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಅಲ್ಲಿ ಅಕ್ಷರಸ್ಥರು ನೂರಕ್ಕೆ 52ರಷ್ಟು. ಇಡೀ ಕರ್ನಾಟಕದಲ್ಲಿ ಅದೇ ಕಡೆಯದು. ಓದು ಬಾರದವನಿಗೆ ಪಾಸುಬುಕ್ಕಿನಿಂದೇನು ಎಂದು ಕೆಲವರು ಕೇಳಬಹುದು. ನಾನು ತಿರುಗಿಸಿ ಕೇಳುತ್ತೇನೆ: ಮೇಸ್ತ್ರಿಯ ಲೆಕ್ಕ ಮೇಸ್ತ್ರಿಯ ತಲೆಯಲ್ಲಿಯೇ ಇದ್ದರೆ ಯಾವ ತಹಶೀಲ್ದಾರ ಏನು ಮಾಡಿಯಾನು? ಹೊರಡುವಾಗ ಗ್ರಾಮ ಪಂಚಾಯಿತಿಯಲ್ಲಿ ಒಂದು ಬರಹ: ಯಾರು, ಎಲ್ಲಿಗೆ, ಯಾರ ಜೊತೆಗೆ, ಎಷ್ಟು ಮುಂಗಡ. ಮುಟ್ಟಿದಲ್ಲಿ ಇನ್ನೊಂದು ಬರಹ. ಇಷ್ಟಾದರೆ ಐವತ್ತು ವರ್ಷದ ಹಿಂದಿನ ಕಾಯಿದೆಗೆ ಹಿಡಿಯಲು ಒಂದು ತುದಿ ಸಿಕ್ಕೀತು.

ಇನ್ನೊಂದು ತುದಿ ನಮ್ಮ ಕೈಯಲ್ಲಿದೆ. ಮನೆ ಕಟ್ಟಿಸುವವರು ನಾವು. ಸಿಮೆಂಟಿನ ದರವನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ನಾವು, ಇಟ್ಟಿಗೆ ಹೊರುವವಳ ಕೈಗೆ ದಿನಕ್ಕೆಷ್ಟು ಸೇರುತ್ತದೆಂದು ಮೇಸ್ತ್ರಿಯನ್ನು ಕೇಳುವುದಿಲ್ಲ.

ಆ ಮನೆ ಮುಗಿಯಿತು. ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು, ಊಟ ಚೆನ್ನಾಗಿತ್ತು. ತಗಡಿನ ಮರೆ ಇದ್ದ ಜಾಗದಲ್ಲಿ ತುಳಸಿಕಟ್ಟೆ ಎದ್ದಿತ್ತು. ಆ ಸಂಸಾರದ ಮುಂಗಡ ಹರಿಯಿತೋ, ಇನ್ನೊಂದು ಮರಳ ರಾಶಿಯ ಮಗ್ಗುಲಿಗೆ ಹೋಯಿತೋ ಎಂದು ಯಜಮಾನರನ್ನು ವಿಚಾರಿಸೋಣವೆಂದುಕೊಂಡೆ. ವಿಚಾರಿಸುವುದಾದರೂ ಹೇಗೆ? ದಿನವೂ ಮಾತಾಡಿಸುತ್ತಿದ್ದ ನಾನೇ ಆಕೆಯ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.