ಬೆರಳಿನಡಿಯ ಒತ್ತಕ್ಷರ: ‘ಮುನವಳ್ಳಿ’ ಎಂಬ ಪದದ ಬ್ರೈಲ್ ಓದು

ಮಲಪ್ರಭೆಯ ದಂಡೆಯ ಮುನವಳ್ಳಿಯ ಹೆಸರು ಮಸಿಯಲ್ಲಿ ನಾಲ್ಕು ಅಕ್ಷರ, ಬ್ರೈಲ್‌ನಲ್ಲಿ ಎಂಟು ಕೋಶ. 1951ರಲ್ಲಿ ನೆಲೆಗೊಂಡ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕಾಗುಣಿತದ ಕೊಂಬು, ಗುಡಿಸುಗಳಿಲ್ಲ. ವ್ಯಂಜನದ ಬಳಿಕ ಸ್ವರ ಬೇರೆಯಾಗಿಯೇ ಕೂರುತ್ತದೆ. ಮ, ಉ, ನ, ವ, ಹಲಂತ, ಳ, ಳ, ಇ: ಒಟ್ಟು 23 ಚುಕ್ಕೆ, ಸುಮಾರು ಐದು ಸೆಂಟಿಮೀಟರ್ ಉದ್ದ.

ಗಮನಿಸಬೇಕಾದ್ದು ವ್ಯಂಜನಕ್ಕೆ ಸ್ವರವಿಲ್ಲವೆಂದು ಹೇಳುವ ಹಲಂತದ ಜಾಗ. ಮಸಿಯ ಬರಹದಲ್ಲಿ ಒತ್ತು ಅಕ್ಷರದ ಕೆಳಗಿಳಿಯುತ್ತದೆ. ಕಣ್ಣು ಎರಡನ್ನೂ ಒಂದೇ ನೋಟಕ್ಕೆ ಹಿಡಿಯುತ್ತದೆ. ಬೆರಳ ತುದಿಗೆ ಸಿಗುವುದು ಸಲಕ್ಕೊಂದು ಕೋಶ. ಆದ್ದರಿಂದ ಹಲಂತ, ಅಂದರೆ ಒಂಟಿ 4ನೇ ಚುಕ್ಕೆ, ಜೋಡಿಗೂ ಮೊದಲೇ ಬರುತ್ತದೆ. ಮಸಿಯ ಲಿಪಿಯ ನಕಲು ಮಾಡದೆ ಬೆರಳಿನ ನಡಿಗೆಗೆ ಹೊಂದಿಸಿದ ಏರ್ಪಾಡು ಇದು ಎಂದೇ ನನ್ನ ವಾದ.

ಇನ್ನೊಂದು ಸೂಕ್ಷ್ಮವಿದೆ. ಲಕಾರಕ್ಕೆ 1-2-3 ಚುಕ್ಕೆ, ಳಕಾರಕ್ಕೆ 4-5-6. ಒಂದು ಎಡಸಾಲು, ಮತ್ತೊಂದು ಬಲಸಾಲು, ಆಕಾರ ಒಂದೇ. ಹಲಂತದ ಚುಕ್ಕೆಯಿಂದ ಮುಂದಿನ ಸಾಲು ಸುಮಾರು ಮೂರೂವರೆ ಮಿಲಿಮೀಟರ್ ದೂರವಿದ್ದರೆ ಲ, ಆರಿದ್ದರೆ ಳ. ನಮ್ಮ ಶಾಲೆಗಳಲ್ಲಿ ಕಣ್ಣಿದ್ದವರೂ ತಪ್ಪುವ ಲ-ಳ ಭೇದ ಇಲ್ಲಿ ಎರಡೂವರೆ ಮಿಲಿಮೀಟರಿನ ಮೇಲೆ ನಿಂತಿದೆ. ಬ್ರೈಲ್ ಸ್ಲೇಟಿಗೆ ಹಾಳೆ ಸಿಕ್ಕಿಸಿ ಬರೆಯುವವರ ಪಾಡು ಇನ್ನೂ ಬಿಗಿ: ಚುಚ್ಚುವುದು ಹಿಂಬದಿಯಿಂದ, ಬಲದಿಂದ ಎಡಕ್ಕೆ, ಎಡಸಾಲನ್ನು ಬಲದಲ್ಲಿ. ಕೈ ಳಕಾರದ ಎರಡು ಕೋಶಗಳಲ್ಲಿ ಇದನ್ನು ಮರೆತರೆ ಊರು ‘ಮುನವಲ್ಲಿ’ಯಾಗುತ್ತದೆ.

ಈ ಸೀಮೆಗೆ ಬ್ರೈಲ್ ಅಪರಿಚಿತವಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಭಗವದ್ಗೀತೆಯನ್ನು ಬ್ರೈಲ್‌ಗೆ ಇಳಿಸಿದವರು. ಆದರೆ ಈಗ ಮೊಬೈಲು ಓದಿ ಹೇಳುವಾಗ ಚುಕ್ಕೆ ಯಾಕೆ ಎಂದು ಕೇಳುವವರು ಹೆಚ್ಚು. ಸ್ಪರ್ಶಪರದೆ ಎಂಬ ಹೆಸರೇ ವಿಚಿತ್ರ. ಮುಟ್ಟಿದರೆ ನುಣುಪು ಗಾಜು, ಅಷ್ಟೇ. ಅದರ ದನಿ ಊರಿನ ಹೆಸರು ಕೇಳಿಸೀತು. ಳಕಾರಕ್ಕೆ ಒತ್ತು ಇದೆಯೆಂಬುದನ್ನು ಕಿವಿ ಊಹಿಸಿಕೊಳ್ಳಬೇಕು. ಕೇಳಿಯೇ ಕಲಿತ ಮಗು ಅರ್ಜಿ ಬರೆಯಲು ಕೂತಾಗ ಈ ಊಹೆಯ ಬೆಲೆ ತಿಳಿಯುತ್ತದೆ.

ಗಾಜಿಗೂ ಹಾಳೆಗೂ ನಡುವಿನದು, ಚುಕ್ಕೆಗಳು ಮೇಲೇಳುತ್ತ ಇಳಿಯುತ್ತ ಸಾಲು ಬದಲಿಸುವ ಬ್ರೈಲ್ ಫಲಕ. ವಿದ್ಯುತ್ ಹರಿದಾಗ ಬಾಗುವ ಪೀಜೋ ಪಟ್ಟಿಗಳು ಸಣ್ಣ ಕಡ್ಡಿಗಳನ್ನು ಎತ್ತುವುದು ಇದರ ಸಾಮಾನ್ಯ ತಂತ್ರ. ದೆಹಲಿಯ ಐಐಟಿ 2019ರಲ್ಲಿ ಹೊರತಂದ ಡಾಟ್‌ಬುಕ್ 20 ಮತ್ತು 40 ಕೋಶಗಳ ಎರಡು ಅಳತೆಗಳಲ್ಲಿದೆ. ಇಪ್ಪತ್ತು ಕೋಶ ಇಂಗ್ಲಿಷಿಗೆ ಮೂರ್ನಾಲ್ಕು ಪದವಾದರೂ ಆಯಿತು. ವಿಭಕ್ತಿ, ಕೃದಂತಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಕನ್ನಡಕ್ಕೆ ಲೆಕ್ಕವೇ ಬೇರೆ. ‘ಮುನವಳ್ಳಿಯಲ್ಲಿರುವವರಿಗೆ’ ಎಂಬ ಒಂದೇ ಪದ ಮಸಿಯಲ್ಲಿ 11 ಅಕ್ಷರ, ಬ್ರೈಲ್‌ನಲ್ಲಿ 21 ಕೋಶ. ಚಿಕ್ಕ ಫಲಕದಲ್ಲಿ ಬೆರಳು ‘ಮುನವಳ್ಳಿಯಲ್ಲಿರುವವರಿಗ’ ಎಂಬಲ್ಲಿಗೆ ಅಂಚು ತಲುಪುತ್ತದೆ. ಉಳಿದ ‘ಎ’ಗಾಗಿ ಗುಂಡಿ ಒತ್ತಿ ಮುಂದಿನ ಸಾಲು ಕರೆಯಬೇಕು.